ಸಾಲದ ಲೆಕ್ಕದ ವಿಮೆ ಸಾಲದು: ನಾರಾಯಣಪೇಟೆ, ಮಕ್ತಲ್, ಗದ್ವಾಲದ ಅಂಗಡಿ-ಮಗ್ಗದವರಿಗೆ ಒಂದಿಷ್ಟು ವಿವರ

ಗದ್ವಾಲ: 2009ರ ಅಕ್ಟೋಬರ್ 2ರಂದು ತುಂಗಭದ್ರೆ ಉಕ್ಕಿ ಕರ್ನೂಲು ಪಟ್ಟಣಕ್ಕೆ ನುಗ್ಗಿದ್ದು ನಮ್ಮ ಭಾಗದ ಯಾರೂ ಮರೆತಿಲ್ಲ. ಅದೇ ನೀರು ಆಲಂಪುರಕ್ಕೂ ಬಂತು. ನದಿ ದಂಡೆಯ ನೇಕಾರರ ಊರು ರಾಜೋಲಿಯನ್ನೂ ಮುಳುಗಿಸಿತು. ಆಗ ಅದು ಮಹಬೂಬ್‌ನಗರ ಜಿಲ್ಲೆ, 2016ರಿಂದ ಜೋಗುಳಾಂಬ ಗದ್ವಾಲ ಜಿಲ್ಲೆ. ಗದ್ವಾಲ ಸೀರೆ ನೇಯುವ ಮನೆಗಳಲ್ಲಿ ಗುಂಡಿಮಗ್ಗಗಳೇ ಹೆಚ್ಚು. ನೇಕಾರ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಾನೆ. ಇಂಥ ಮನೆಗೆ ನೀರು ಬಂದರೆ ಮೊದಲು ತುಂಬುವುದು ಆ ಗುಂಡಿಯೇ. ಹಾಸು ಹೋಯಿತು, ರೇಷ್ಮೆ ಹೋಯಿತು, ಜರಿ ಹೋಯಿತು.

ಆ ವರ್ಷ ವಿಜಯದಶಮಿ ಸೆಪ್ಟೆಂಬರ್ 28ಕ್ಕೆ ಬಂದಿತ್ತು, ದೀಪಾವಳಿ ಅಕ್ಟೋಬರ್ 17ಕ್ಕೆ. ಅಂದರೆ ನೀರು ಬಂದದ್ದು ಎರಡು ಹಬ್ಬಗಳ ನಡುವೆ, ಮನೆಯಲ್ಲೂ ಅಂಗಡಿಯಲ್ಲೂ ವರ್ಷದಲ್ಲೇ ಹೆಚ್ಚು ಮಾಲು ಇರುವ ಹೊತ್ತಿಗೆ. ಈ ಒಂದು ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ವಿಮೆಯೇ ಇಲ್ಲದವರ ಬಗ್ಗೆ ಈ ಲೇಖನ ಅಲ್ಲ. ಅವರಿಗೆ ತಮ್ಮ ಬಳಿ ಇಲ್ಲ ಎಂಬುದಾದರೂ ಗೊತ್ತಿರುತ್ತದೆ. ನನಗೆ ಚಿಂತೆ ಇರುವುದು "ನಮ್ಮದು ಇನ್ಶೂರೆನ್ಸ್ ಐತ್ರಿ" ಎಂದು ನಿಶ್ಚಿಂತೆಯಿಂದ ಹೇಳುವವರ ಬಗ್ಗೆ.

ಕೆಲವು ತಿಂಗಳ ಹಿಂದೆ ಮಕ್ತಲ್‌ನಲ್ಲಿ ಪರಿಚಯದ ಕಿರಾಣಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕೂತಿದ್ದೆ. ಮಾತಿಗೆ ಮಾತು ಬಂದು ಅವರ ಪಾಲಿಸಿ ತೆಗೆಸಿ ನೋಡಿದೆ. ಬ್ಯಾಂಕಿನವರೇ ಮಾಡಿಸಿದ್ದು, ಪ್ರತಿ ವರ್ಷ ಖಾತೆಯಿಂದ ಹಣ ಕಡಿತವಾಗಿ ತಾನೇ ನವೀಕರಣವಾಗುತ್ತಾ ಬಂದದ್ದು. ಅವರು ಅದನ್ನು ಒಮ್ಮೆಯೂ ಬಿಚ್ಚಿ ಓದಿರಲಿಲ್ಲ. ವಿಮೆ ಮೊತ್ತ 4 ಲಕ್ಷ ರೂಪಾಯಿ. ಅಂಗಡಿಯಲ್ಲಿ ಮಾಲು ಎಷ್ಟಿದೆ ಎಂದೆ. ಹತ್ತರ ಮೇಲೆ ಇದೆ ಎಂದರು. ಹಾಗಾದರೆ ನಾಲ್ಕು ಲಕ್ಷ ಎಲ್ಲಿಂದ ಬಂತು? ಅದು ಅವರು ತೆಗೆದುಕೊಂಡಿದ್ದ ಸಾಲದ ಮೊತ್ತ! ಇನ್ನೊಂದು ಸಾಲು ಓದಿದಾಗ ಇಬ್ಬರಿಗೂ ಮಾತು ನಿಂತಿತು. ಪಾಲಿಸಿಯಲ್ಲಿದ್ದ ಅಂಗಡಿ ನಂಬರು ಹಳೇ ಬಜಾರಿನದು. ಅವರು ರಾಯಚೂರು ರಸ್ತೆಗೆ ಬಂದು ಮೂರು ವರ್ಷವಾಗಿದೆ.

ಬ್ಯಾಂಕಿನ ತಪ್ಪೆನ್ನಲು ಬಾರದು. ಅಡವಿಟ್ಟ ಮಾಲಿಗೆ ವಿಮೆ ಇರಬೇಕೆಂಬುದು ಸಾಲದ ಷರತ್ತು, ಬ್ಯಾಂಕು ತನ್ನ ಹಣದ ರಕ್ಷಣೆ ನೋಡಿಕೊಂಡಿದೆ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರುತ್ತದೆ. ನಷ್ಟವಾದರೆ ಪರಿಹಾರದ ಹಣ ಮೊದಲು ಹೋಗುವುದು ಸಾಲದ ಖಾತೆಗೆ. ನಮ್ಮ ಹಣದ ರಕ್ಷಣೆ ನೋಡಿಕೊಳ್ಳಬೇಕಾದವರು ನಾವು. ಮುದ್ರಾ ಸಾಲ ಪಡೆದವರೂ, ಸೊಸೈಟಿಯ ಸಾಲ ಪಡೆದವರೂ ಇವತ್ತೇ ತಮ್ಮ ಪಾಲಿಸಿ ತೆಗೆದು ನೋಡಲಿ. ಮೊತ್ತವೂ ಸಾಲವೂ ಒಂದೇ ಆಗಿದ್ದರೆ ಕೆಳಗಿನ ಲೆಕ್ಕ ನಿಮಗಾಗಿಯೇ ಬರೆದದ್ದು.

ಕಡಿಮೆ ಬರೆಸಿದರೆ ಏನಾಗುತ್ತದೆ?

ಬಹಳ ಮಂದಿ ತಿಳಿದಿರುವುದು ಹೀಗೆ: "ಐದು ಲಕ್ಷಕ್ಕೆ ಮಾಡಿಸಿದ್ದೇನೆ, ಐದು ಲಕ್ಷದೊಳಗೆ ಎಷ್ಟು ನಷ್ಟವಾದರೂ ಪೂರ್ತಿ ಬರುತ್ತದೆ". ಹಾಗಿಲ್ಲ. ಇಲ್ಲೇ ಪೆಟ್ಟು ಬೀಳುವುದು.

ನಾರಾಯಣಪೇಟೆಯಲ್ಲಿ ಒಂದು ಸೀರೆ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಅಂದು ಅಂಗಡಿಯಲ್ಲಿರುವ ಮಾಲು 12 ಲಕ್ಷ ರೂಪಾಯಿಯದು. ವಿಮೆ ಬರೆಸಿದ್ದು 5 ಲಕ್ಷಕ್ಕೆ. ಬೆಂಕಿ ಬಿದ್ದು ಅರ್ಧ ಮಾಲು, ಅಂದರೆ 6 ಲಕ್ಷದ್ದು, ಸುಟ್ಟಿತು. ವಿಮಾ ಕಂಪನಿ ಹೀಗೆ ಯೋಚಿಸುತ್ತದೆ: ಈ ಮನುಷ್ಯ ಹನ್ನೆರಡು ಪಾಲಿನಲ್ಲಿ ಐದು ಪಾಲಿಗೆ ಮಾತ್ರ ಪ್ರೀಮಿಯಂ ಕಟ್ಟಿದ್ದಾನೆ, ಉಳಿದ ಏಳು ಪಾಲಿಗೆ ತಾನೇ ಜವಾಬ್ದಾರಿ ಹೊತ್ತಿದ್ದಾನೆ. ಆದ್ದರಿಂದ ನಷ್ಟದಲ್ಲೂ ಹನ್ನೆರಡರಲ್ಲಿ ಐದು ಪಾಲು ಮಾತ್ರ ನಮ್ಮದು. ಆರು ಲಕ್ಷವನ್ನು ಹನ್ನೆರಡರಿಂದ ಭಾಗಿಸಿ ಐದರಿಂದ ಗುಣಿಸಿದರೆ ಬರುವುದು ಎರಡೂವರೆ ಲಕ್ಷ. ಐದು ಲಕ್ಷವೂ ಅಲ್ಲ, ಆರು ಲಕ್ಷವೂ ಅಲ್ಲ. ಆ ಎರಡೂವರೆಯೂ ಸಾಲದ ಖಾತೆಗೆ ಜಮಾ ಆಗುತ್ತದೆ. ಐದು ಲಕ್ಷದ ಸಾಲದಲ್ಲಿ ಇನ್ನೂ ಎರಡೂವರೆ ಬಾಕಿ, ಅಂಗಡಿಯಲ್ಲಿ ಮಸಿ ಹಿಡಿದ ಕಪಾಟು.

ಇದನ್ನು ವಿಮೆಯವರು 'ಆವರೇಜ್' ಎನ್ನುತ್ತಾರೆ. ಲೆಕ್ಕದಲ್ಲಿ ನಾನೂ ಅಷ್ಟಕ್ಕಷ್ಟೆ, ಬಿ.ಎ. ಓದಿದವನು. ಮೊದಲ ಸಲ ಕೇಳಿದಾಗ ಇದು ಕಂಪನಿಯವರ ಕುತಂತ್ರ ಎಂದೇ ಅನಿಸಿತ್ತು. ಆದರೆ ಇದು ಬೆಂಕಿ ವಿಮೆಯ ಹಳೆಯ ನಿಯಮ, ಪಾಲಿಸಿಯಲ್ಲೇ ಬರೆದಿರುತ್ತದೆ.

ಸಣ್ಣ ಉದ್ದಿಮೆಗಳಿಗೆ ಈ ನಿಯಮದಲ್ಲಿ ಒಂದು ಸಡಿಲಿಕೆ ಸಿಕ್ಕಿದೆ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಒಂದೇ ನಮೂನೆಯ ಪಾಲಿಸಿಯನ್ನು ಜಾರಿಗೆ ತಂದಿತು. ಒಂದು ಜಾಗದಲ್ಲಿರುವ ಆಸ್ತಿಯ ಒಟ್ಟು ಮೌಲ್ಯ 5 ಕೋಟಿ ರೂಪಾಯಿ ಮೀರದ ಅಂಗಡಿ, ಕಾರ್ಖಾನೆ, ಗೋದಾಮುಗಳಿಗೆ ಇದು. ನಮ್ಮ ಮೂರೂ ಊರುಗಳ ಬಹುಪಾಲು ವ್ಯಾಪಾರ ಇದರೊಳಗೇ ಬರುತ್ತದೆ. 5ರಿಂದ 50 ಕೋಟಿಯವರೆಗಿನವರಿಗೆ 'ಭಾರತ್ ಲಘು ಉದ್ಯಮ ಸುರಕ್ಷಾ' ಇದೆ. ಈ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಲಿನ ಅಂಗಡಿಯಾತ 10 ಲಕ್ಷದ 20 ಸಾವಿರಕ್ಕೆ ಬರೆಸಿದ್ದರೂ ಅವನ ಆರು ಲಕ್ಷದ ನಷ್ಟಕ್ಕೆ ಆವರೇಜಿನ ಕತ್ತರಿ ಬೀಳುತ್ತಿರಲಿಲ್ಲ. ಪ್ರತಿ ಕ್ಲೇಮಿನಲ್ಲೂ ಸಣ್ಣ ಮೊತ್ತವೊಂದನ್ನು ನಾವೇ ಹೊರಬೇಕು, ಅದು ಬೇರೆ. ಐದು ಲಕ್ಷಕ್ಕೆ ಬರೆಸಿದವನನ್ನು ಈ ಸಡಿಲಿಕೆ ಕಾಪಾಡುವುದಿಲ್ಲ.

ಹಾಗಾದರೆ ಎಷ್ಟು ಬರೆಸಬೇಕು?

ಇಂದು ಅಂಗಡಿಯಲ್ಲಿ ಎಷ್ಟು ಮಾಲಿದೆ ಎಂದು ನೋಡಬೇಡಿ. ವರ್ಷದಲ್ಲಿ ಅತಿ ಹೆಚ್ಚು ಮಾಲು ಇರುವ ದಿನ ಎಷ್ಟಿರುತ್ತದೆ ಎಂದು ನೋಡಿ. ಬಟ್ಟೆಯವರಿಗೆ ಶ್ರಾವಣದಿಂದ ದೀಪಾವಳಿ, ಆಮೇಲೆ ಮದುವೆಯ ದಿನಗಳು. ಗೊಬ್ಬರ-ಬೀಜದ ಅಂಗಡಿಗೆ ಮೃಗಶಿರಾ ಹೊತ್ತು. ಹತ್ತಿಯವರಿಗೆ ಚಳಿಗಾಲ. ಕೃಷ್ಣೆ, ಭೀಮೆ, ತುಂಗಭದ್ರೆಗೆ ನೀರು ಬರುವುದೂ ಆಗಸ್ಟ್‌ನಿಂದ ಅಕ್ಟೋಬರ್ ಒಳಗೇ. 2009ರಲ್ಲಿ ಅಕ್ಟೋಬರ್ ಮೊದಲ ವಾರ, 2019ರಲ್ಲಿ ಆಗಸ್ಟ್, 2020ರಲ್ಲಿ ಭೀಮೆಗೆ ಮತ್ತೆ ಅಕ್ಟೋಬರ್. ಮಾರ್ಚ್ ತಿಂಗಳ ಲೆಕ್ಕಪತ್ರ ನೋಡಿ ವಿಮೆ ಬರೆಸಿದರೆ ಅದು ಖಾಲಿ ಅಂಗಡಿಯ ವಿಮೆಯಾಗುತ್ತದೆ.

ಮಾಲಿಗೆ ಅಸಲು ಬೆಲೆ ಹಿಡಿಯಬೇಕು, ಮಾರುವ ಬೆಲೆಯನ್ನಲ್ಲ. ಎಂಟು ಸಾವಿರಕ್ಕೆ ಮಾರುವ ಸೀರೆ ನಿಮಗೆ ಆರು ಸಾವಿರಕ್ಕೆ ಬಿದ್ದಿದ್ದರೆ ಆರು ಸಾವಿರವೇ. ಲಾಭ ವಿಮೆಯಲ್ಲಿ ಬರುವುದಿಲ್ಲ. ಅಂಗಡಿ ಮುಚ್ಚಿದ ತಿಂಗಳುಗಳ ಗಳಿಕೆಗೆ ಬೇರೆ ಪಾಲಿಸಿ ಇದೆ. ಆದರೆ ಅದಕ್ಕೆ ಸರಿಯಾದ ಲೆಕ್ಕಪತ್ರ ಬೇಕು, ನಮ್ಮಲ್ಲಿ ಹೆಚ್ಚಿನವರಿಗೆ ಆಗುವ ಮಾತಲ್ಲ. ಜಿಎಸ್‌ಟಿ ನೋಂದಣಿ ಇರುವವರು ಮಾತ್ರ ಒಂದು ಸೂಕ್ಷ್ಮ ಗಮನಿಸಬೇಕು. ಮಾಲು ಸುಟ್ಟರೆ, ಕಳುವಾದರೆ, ನಾಶವಾದರೆ ಅದರ ಮೇಲೆ ಪಡೆದಿದ್ದ ಹೂಡುವಳಿ ತೆರಿಗೆಯ ಜಮೆಯನ್ನು ವಾಪಸು ಮಾಡಬೇಕೆಂದು ಜಿಎಸ್‌ಟಿ ಕಾಯ್ದೆ ಹೇಳುತ್ತದೆ. ಹೀಗಾಗಿ ಆ ತೆರಿಗೆಯೂ ನಿಮ್ಮ ನಷ್ಟವೇ. ಮೊತ್ತ ಬರೆಸುವಾಗ ಅದನ್ನೂ ಸೇರಿಸುವ ಬಗ್ಗೆ ನಿಮ್ಮ ಲೆಕ್ಕಿಗರನ್ನೂ ಕಂಪನಿಯನ್ನೂ ಕೇಳಿ.

ಕಟ್ಟಡಕ್ಕೆ ಹೊಸದಾಗಿ ಕಟ್ಟಲು ಇವತ್ತು ಎಷ್ಟು ಬೀಳುತ್ತದೋ ಅಷ್ಟು. ಜಾಗದ ಬೆಲೆ ಸೇರಿಸಬೇಡಿ. ಬಜಾರಿನ ಜಾಗಕ್ಕೆ ಚಿನ್ನದ ಬೆಲೆ ಇರಬಹುದು, ಆದರೆ ಜಾಗ ಸುಡುವುದಿಲ್ಲ. ಬಾಡಿಗೆ ಅಂಗಡಿಯಾದರೆ ಗೋಡೆ ಮಾಲೀಕರದು. ಕಪಾಟು, ಗಾಜು, ಫ್ರಿಜ್ಜು, ತಕ್ಕಡಿ, ಕಂಪ್ಯೂಟರು ನಿಮ್ಮದು. ಮಗ್ಗ, ಹಿಟ್ಟಿನ ಗಿರಣಿ, ಹೊಲಿಗೆ ಯಂತ್ರಗಳಿಗೆ ಹಳೆಯದು ಎಂದು ಕಡಿಮೆ ಬರೆಸುವ ಚಾಳಿ ಇದೆ. ಅಂಥದ್ದೇ ಹೊಸದು ತರಲು ತಗಲುವ ಬೆಲೆಗೆ ಬರೆಸಿದರೇ ಹೊಸದು ಬರುವುದು.

ಪ್ರೀಮಿಯಂ ಬಹಳ ಆಗುತ್ತದೆ ಎಂಬ ಹೆದರಿಕೆ ಸಹಜ. ಆದರೆ ಅದು ಸಾವಿರಕ್ಕೆ ಇಷ್ಟು ಎಂಬ ಲೆಕ್ಕ. ಐದು ಲಕ್ಷದಿಂದ ಹನ್ನೆರಡಕ್ಕೆ ಏರಿಸಿದರೆ ಪ್ರೀಮಿಯಂ ಎರಡೂವರೆ ಪಟ್ಟಿನೊಳಗೇ ನಿಲ್ಲುತ್ತದೆ. ಅದರ ಮೇಲೆ ಶೇ. 18 ಜಿಎಸ್‌ಟಿ. ಕಿರಾಣಿಗೆ ಒಂದು ದರ, ಹತ್ತಿಗೆ, ಪಟಾಕಿಗೆ, ಪೇಂಟಿಗೆ ಇನ್ನೊಂದು. 2006ರ ಕೊನೆಯವರೆಗೆ ಎಲ್ಲ ಕಂಪನಿಗಳೂ ಒಂದೇ ದರಪಟ್ಟಿ ಅನುಸರಿಸಬೇಕಿತ್ತು. 2007ರ ಜನವರಿ 1ರಿಂದ ಅದು ಹೋಯಿತು. ಆದ್ದರಿಂದ ಇಬ್ಬರು-ಮೂವರ ಬಳಿ ದರ ಕೇಳುವುದರಲ್ಲಿ ಅರ್ಥವಿದೆ. ಆದರೆ ಮೂವರಿಗೂ ಒಂದೇ ಮೊತ್ತ, ಒಂದೇ ವಿವರ ಕೊಟ್ಟು ಕೇಳಿ. ಇಲ್ಲವಾದರೆ ಕಡಿಮೆ ಹೇಳಿದವನು ಏನನ್ನೋ ಬಿಟ್ಟಿರುತ್ತಾನೆ.

ಯಾವ ಜಾಗ, ಯಾರ ಮಾಲು?

ಅಂಗಡಿ ವಿಮೆ ವಿಳಾಸಕ್ಕೆ ಅಂಟಿಕೊಂಡದ್ದು. ಅಂಗಡಿ ನಾರಾಯಣಪೇಟೆಯಲ್ಲಿ, ಗೋದಾಮು ಊರಾಚೆ, ಇನ್ನೊಂದಿಷ್ಟು ಮಾಲು ಯಾದಗಿರಿಯಲ್ಲೋ ಗುರುಮಠಕಲ್‌ನಲ್ಲೋ ಅಣ್ಣನ ಅಂಗಡಿಯಲ್ಲಿ ಎಂದಾದರೆ ಮೂರೂ ವಿಳಾಸ ಬರೆಸಬೇಕು. ಮಾಲು ಆ ಕಡೆ ಈ ಕಡೆ ಓಡಾಡುತ್ತಿದ್ದರೆ ಎಲ್ಲ ಜಾಗಗಳಿಗೂ ಸೇರಿ ಒಂದೇ ಮೊತ್ತ ಬರೆಸುವ 'ಫ್ಲೋಟರ್' ವ್ಯವಸ್ಥೆ ಇದೆ, ಕೇಳಿ ಪಡೆಯಬೇಕು.

ಸೀರೆ ವ್ಯವಹಾರದಲ್ಲಿ ಈ ಪ್ರಶ್ನೆ ಇನ್ನೂ ಜಟಿಲ. ಗದ್ವಾಲದಲ್ಲೂ ನಾರಾಯಣಪೇಟೆಯಲ್ಲೂ ನೂಲು, ರೇಷ್ಮೆ, ಜರಿ ಕೊಡುವವರು ಸಾಹುಕಾರರು ಅಥವಾ ಸೊಸೈಟಿ. ನೇಯುವುದು ನೇಕಾರನ ಮನೆಯಲ್ಲಿ. ಮಗ್ಗದ ಮೇಲಿರುವ ಅರ್ಧ ಸೀರೆ ಯಾರದು? ಮಾಲು ಸಾಹುಕಾರರದು, ಕೂಲಿ ನೇಕಾರನದು. ಸಾಹುಕಾರರ ಪಾಲಿಸಿಯಲ್ಲಿ ಬಜಾರಿನ ಅಂಗಡಿ ವಿಳಾಸ ಮಾತ್ರ ಇದ್ದರೆ ಇಪ್ಪತ್ತು ಮನೆಗಳಲ್ಲಿ ಹರಡಿರುವ ರೇಷ್ಮೆಗೆ ರಕ್ಷಣೆಯೇ ಇಲ್ಲ. ನೇಕಾರನ ಬಳಿ ಪಾಲಿಸಿ ಇದ್ದರೂ ಅದರಲ್ಲಿ 'ಪರರ ಮಾಲನ್ನು ನಂಬಿಕೆಯ ಮೇಲೆ ಇಟ್ಟುಕೊಂಡಿದ್ದೇನೆ' ಎಂಬುದನ್ನು ಸ್ಪಷ್ಟವಾಗಿ ಬರೆಸಿರದಿದ್ದರೆ ಆ ರೇಷ್ಮೆ ಅದರಲ್ಲೂ ಬರುವುದಿಲ್ಲ. ನೀರು ಬಂದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವ ಸ್ಥಿತಿ. ನೂಲು ಕೊಡುವಾಗಲೇ ಇದನ್ನು ಮಾತಾಡಿಕೊಂಡು ಯಾರ ಪಾಲಿಸಿಯಲ್ಲಿ ಎಂದು ಬರೆಸುವುದು ಒಳ್ಳೆಯದು. ಹಿಟ್ಟಿನ ಗಿರಣಿಯವರಿಗೂ, ದರ್ಜಿಗಳಿಗೂ, ರೈತರ ಕಾಳು ಇಟ್ಟುಕೊಳ್ಳುವ ಅಡತಿಯವರಿಗೂ ಇದೇ ಮಾತು.

ಮನೆ ವಿಮೆ ಇದೆ, ಮಗ್ಗವೂ ಮನೆಯಲ್ಲೇ ಇದೆ ಎನ್ನುವವರಿದ್ದಾರೆ. ಮನೆ ವಿಮೆ ಪಾತ್ರೆ, ಮಂಚ, ಟಿವಿಗೆ. ವ್ಯಾಪಾರದ ಮಾಲು, ಮಗ್ಗ ಅದರಲ್ಲಿ ಸೇರುವುದಿಲ್ಲ.

ದಾರಿಯ ಮೇಲಿನ ಮಾಲಿನ ಕತೆ ಬೇರೆ. ರಾಯಚೂರಿನಿಂದ ದೇವಸೂಗೂರು ಸೇತುವೆ ದಾಟಿ ಮಕ್ತಲ್‌ಗೆ ಬರುವ ಲಾರಿ ಮಗುಚಿದರೆ ಅಂಗಡಿಯ ಪಾಲಿಸಿಯಲ್ಲಿ ಏನೂ ಸಿಗದು. ಅದಕ್ಕೆ ಬೇಕಾದ ವಿಮೆಯ ಹೆಸರು 'ಮರೀನ್'! ಸಮುದ್ರ ನೋಡದ ನಮ್ಮ ಜೋಳದ ಮೂಟೆಗೆ ಹಡಗಿನ ಹೆಸರು. ನಗು ಬಂದರೂ ಏಜೆಂಟರ ಬಳಿ ಇದೇ ಹೆಸರಿನಲ್ಲಿ ಕೇಳಬೇಕು. ಅದರಲ್ಲಿ ಎ, ಬಿ, ಸಿ ಎಂದು ಮೂರು ಬಗೆ. ಎ ವಿಶಾಲ, ಸಿ ಅತಿ ಸಂಕುಚಿತ.

ಏನು ಬರುತ್ತದೆ, ಏನು ಬರುವುದಿಲ್ಲ

ಸೂಕ್ಷ್ಮ ಉದ್ಯಮ ಸುರಕ್ಷಾದಲ್ಲಿ ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ಪ್ರವಾಹ, ಗಲಭೆ, ವಾಹನ ಬಂದು ಗುದ್ದುವುದು ಮುಂತಾದವೆಲ್ಲ ಇವೆ. ಗಲ್ಲೆಯ ನಗದಿಗೂ ಒಂದು ಮಿತಿಯವರೆಗೆ ರಕ್ಷಣೆ ಇದೆ. ಹಳೇ ಮಾದರಿಯ ಬೆಂಕಿ ಪಾಲಿಸಿಗಳಲ್ಲಿ ಪ್ರವಾಹ-ಬಿರುಗಾಳಿಯನ್ನು ತೆಗೆಸಿ ಪ್ರೀಮಿಯಂ ಇಳಿಸುವ ಅವಕಾಶ ಇರುತ್ತಿತ್ತು. ನಿಮ್ಮ ಪಾಲಿಸಿ ಬೇರೆ ನಮೂನೆಯದಾದರೆ ಹಾಗೆ ತೆಗೆದಿಲ್ಲ ತಾನೆ ಎಂದು ಖಾತ್ರಿ ಮಾಡಿಕೊಳ್ಳಿ. ನದಿ ದಂಡೆಯವರು ಪ್ರವಾಹ ಬಿಟ್ಟು ವಿಮೆ ಮಾಡಿಸುವುದು ಮಳೆಗಾಲದಲ್ಲಿ ಕೊಡೆ ಮನೆಯಲ್ಲಿಟ್ಟು ಹೋದಂತೆ.

ಕಳ್ಳತನ ಮಾತ್ರ ಇದರಲ್ಲಿ ಇಲ್ಲವೆಂದೇ ತಿಳಿಯಿರಿ. ಬೆಂಕಿಯೋ ನೆರೆಯೋ ಬಂದು, ಅದೇ ಕಾರಣದಿಂದ ಏಳು ದಿನದೊಳಗೆ ಕಳುವಾದರೆ ಮಾತ್ರ ಸಿಗುತ್ತದೆ. ರಾತ್ರಿ ಶೆಟರ್ ಮುರಿದು ಒಯ್ದರೆ ಬೇರೆ ಕಳವು ಪಾಲಿಸಿ ಇರಬೇಕು. ಅದರಲ್ಲೂ ಬೀಗ ಮುರಿದ, ಗೋಡೆ ಕೊರೆದ ಗುರುತು ಕೇಳುತ್ತಾರೆ. ಹಗಲು ಹೊತ್ತು ಗಿರಾಕಿಯಂತೆ ಬಂದವನು ಎರಡು ಸೀರೆ ಎಗರಿಸಿದರೆ ಸಿಗುವುದಿಲ್ಲ. ಬೆಂಕಿ, ಕಳವು, ನಗದು, ಗಾಜು ಎಲ್ಲ ಸೇರಿದ 'ಅಂಗಡಿಕಾರರ ಪಾಲಿಸಿ' ಎಂಬ ಕಟ್ಟು ಸರ್ಕಾರಿ ಕಂಪನಿಗಳಲ್ಲೂ ಇದೆ, ಖಾಸಗಿಯವರಲ್ಲೂ ಇದೆ. ಬಜಾರಿನ ಅಂಗಡಿಗೆ ಅದು ಅನುಕೂಲ. ಆದರೆ ಅದರ ಪ್ರತಿ ವಿಭಾಗದ ಮೊತ್ತವನ್ನು ಬೇರೆ ಬೇರೆಯಾಗಿ ನೋಡಬೇಕು.

ಇಲಿ ಕಡಿದದ್ದು, ನುಸಿ ಹಿಡಿದದ್ದು, ಛಾವಣಿ ಸೋರಿ ತೇವಕ್ಕೆ ಬಣ್ಣ ಕೆಟ್ಟದ್ದು ಪ್ರವಾಹ ಎನಿಸಿಕೊಳ್ಳುವುದಿಲ್ಲ. ಶಾರ್ಟ್ ಸರ್ಕ್ಯೂಟ್ ಆಗಿ ಮೋಟಾರು ಸುಟ್ಟರೆ ಆ ಮೋಟಾರಿಗೆ ಸಿಗದು, ಅದರಿಂದ ಹಬ್ಬಿದ ಬೆಂಕಿಗೆ ಸುಟ್ಟ ಉಳಿದೆಲ್ಲಕ್ಕೂ ಸಿಗುತ್ತದೆ. ಹತ್ತಿ ರಾಶಿ ತನ್ನಿಂದ ತಾನೇ ಕಾವೇರಿ ಹೊತ್ತಿಕೊಳ್ಳುವುದಕ್ಕೆ ರಕ್ಷಣೆ ಇದೆಯೇ ಎಂದು ಜಿನ್ನಿಂಗಿನವರು ಕೇಳಿಯೇ ಕೊಳ್ಳಬೇಕು.

ಒಂದು ಷರತ್ತು ನಮ್ಮ ಪಾಲಮೂರು ಭಾಗಕ್ಕೇ ಬರೆದಂತಿದೆ. ಕಟ್ಟಡವನ್ನು ಸತತ 30 ದಿನಕ್ಕಿಂತ ಹೆಚ್ಚು ಖಾಲಿ ಬಿಟ್ಟರೆ ರಕ್ಷಣೆ ನಿಲ್ಲುತ್ತದೆ ಎಂಬ ಮಾತು ಬೆಂಕಿ ವಿಮೆಗಳಲ್ಲಿ ಸಾಮಾನ್ಯ. ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಮುಂಬೈಗೋ ಬೆಂಗಳೂರಿಗೋ ದುಡಿಯಲು ಹೋಗುವ ಕುಟುಂಬಗಳು ನಮ್ಮಲ್ಲಿ ಎಷ್ಟಿಲ್ಲ? ಹೋಗುವ ಮುನ್ನ ಕಂಪನಿಗೆ ಬರೆದು ತಿಳಿಸಿ ಒಪ್ಪಿಗೆ ಪಡೆಯಬೇಕು.

ಮನುಷ್ಯನಿಗೆ ವಿಮೆ, ಮಗ್ಗಕ್ಕಿಲ್ಲ

ನೇಕಾರರ ಓಣಿಯಲ್ಲಿ ಕೇಳಿದರೆ ವಿಮೆ ಇದೆ ಎಂದೇ ಹೇಳುತ್ತಾರೆ. ಸುಳ್ಳಲ್ಲ. 2022ರ ಆಗಸ್ಟ್ 7ರಂದು ತೆಲಂಗಾಣ ಸರ್ಕಾರ ಆರಂಭಿಸಿದ 'ನೇತನ್ನ ಬೀಮಾ'ದಲ್ಲಿ ನೇಕಾರ ತೀರಿಕೊಂಡರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಎಂದಿತ್ತು. ಬ್ಯಾಂಕಿನಲ್ಲಿ ವರ್ಷಕ್ಕೆ 436 ರೂಪಾಯಿ ಕಡಿತವಾಗುವುದು ಪ್ರಧಾನಮಂತ್ರಿ ಜೀವನ್ ಜ್ಯೋತಿ, 20 ರೂಪಾಯಿಯದು ಸುರಕ್ಷಾ ಬೀಮಾ. ಒಂದೊಂದರಲ್ಲಿ 2 ಲಕ್ಷ. ಇವೆಲ್ಲ ಬೇಕಾದವೇ. ಆದರೆ ಎಲ್ಲವೂ ಜೀವಕ್ಕೆ, ಅಪಘಾತಕ್ಕೆ. ನೇಕಾರ ಬದುಕುಳಿದು ಮಗ್ಗ ಮುಳುಗಿದರೆ ಇವುಗಳಲ್ಲಿ ಒಂದು ಪೈಸೆಯೂ ಬರುವುದಿಲ್ಲ.

ಸರ್ಕಾರ ಪರಿಹಾರ ಕೊಡುತ್ತದಲ್ಲ ಎನ್ನುವವರಿಗೂ ಲೆಕ್ಕ ಇದೆ. 2022ರಿಂದ 2026ರ ಅವಧಿಗೆ ಕೇಂದ್ರ ಗೊತ್ತುಪಡಿಸಿದ ವಿಪತ್ತು ಪರಿಹಾರ ದರದಲ್ಲಿ ಕೈಮಗ್ಗದ ಕಸುಬುದಾರರಿಗೆ ಹಾಳಾದ ಸಲಕರಣೆಗೆ 5,000 ರೂಪಾಯಿ, ಕಚ್ಚಾ ಮಾಲು-ತಯಾರಾದ ಮಾಲಿಗೆ ಇನ್ನೊಂದು 5,000. ಒಂದು ಒಳ್ಳೆಯ ಗದ್ವಾಲ ಸೀರೆಯ ರೇಷ್ಮೆ-ಜರಿಗೇ ಅದು ಸಾಲದು.

ಬಿಲ್ಲು, ಭಾಷೆ, ದೂರು

ಗಡಿಯಲ್ಲಿ ಕಚ್ಚಾ ಚೀಟಿಯ ವ್ಯಾಪಾರ ಎಷ್ಟಿದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಕಂಪನಿ ಕಳಿಸುವ ಸರ್ವೆಯರ್ ಬಂದು ಕೂತಾಗ ಕೇಳುವುದು ಖರೀದಿ ಬಿಲ್ಲು, ಸ್ಟಾಕು ಪುಸ್ತಕ, ಬ್ಯಾಂಕಿಗೆ ಕೊಟ್ಟ ಸ್ಟಾಕು ಪಟ್ಟಿ. ಬಿಲ್ಲಿಲ್ಲದೆ ತಂದ ಮಾಲು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ತೆರಿಗೆಗೆ ಒಂದು ಲೆಕ್ಕ, ಬ್ಯಾಂಕಿಗೆ ಇನ್ನೊಂದು, ವಿಮೆಗೆ ಮೂರನೆಯದು ಕೊಟ್ಟವರಿಗೆ ಇವುಗಳಲ್ಲಿ ಕಡಿಮೆಯದ್ದೇ ಗಟ್ಟಿ. ಬಿಲ್ಲುಗಳೂ ಅಂಗಡಿಯೊಳಗೇ ಇದ್ದು ಅಂಗಡಿಯೊಂದಿಗೇ ಸುಟ್ಟರೆ ಇನ್ನೂ ಫಜೀತಿ. ಮೊಬೈಲಿನಲ್ಲಿ ಫೋಟೋ ತೆಗೆದು ಮಗನಿಗೋ ಮಗಳಿಗೋ ವಾಟ್ಸಾಪ್ ಮಾಡಿಡಿ, ಖರ್ಚೇನೂ ಇಲ್ಲ.

ಭಾಷೆಯದು ನಮ್ಮ ಹಳೇ ಗೋಳು. 1956ರವರೆಗೆ ಗದ್ವಾಲ, ಆಲಂಪುರ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಕೃಷ್ಣಾ ಮಂಡಲದಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ. ಏಜೆಂಟ್ ತೆಲುಗಿನಲ್ಲಿ ಹೇಳುತ್ತಾನೆ, ಪಾಲಿಸಿ ಇಂಗ್ಲಿಷಿನಲ್ಲಿ ಬರುತ್ತದೆ, ನಾವು ಕನ್ನಡದಲ್ಲಿ ಅರ್ಥ ಮಾಡಿಕೊಂಡು ಸಹಿ ಹಾಕುತ್ತೇವೆ. ಕನ್ನಡದಲ್ಲೋ ತೆಲುಗಿನಲ್ಲೋ ಸಹಿ ಹಾಕುವವರಿಗೆ, ಹೆಬ್ಬೆಟ್ಟು ಒತ್ತುವವರಿಗೆ ಅರ್ಜಿಯ ಕೊನೆಯಲ್ಲಿ ಒಂದು ಹೇಳಿಕೆ ಇರುತ್ತದೆ: ಇದರಲ್ಲಿರುವುದನ್ನು ನನಗೆ ತಿಳಿದ ಭಾಷೆಯಲ್ಲಿ ಓದಿ ಹೇಳಲಾಗಿದೆ ಎಂದು. ಓದಿ ಹೇಳದೆ ಅದಕ್ಕೆ ಸಹಿ ಹಾಕಬೇಡಿ. ಮುಂದೆ ಅರ್ಜಿಯಲ್ಲಿ ತಪ್ಪು ಸಿಕ್ಕರೆ ಆ ಹೇಳಿಕೆ ನಿಮ್ಮ ಮುಂದೆಯೇ ಬರುತ್ತದೆ. ಪ್ರೀಮಿಯಂ ಕಂಪನಿಗೆ ತಲುಪುವವರೆಗೆ ರಕ್ಷಣೆ ಆರಂಭವಾಗದು ಎಂಬುದು ವಿಮಾ ಕಾನೂನು. ಏಜೆಂಟನ ಕಿಸೆಯಲ್ಲಿರುವ ಹಣಕ್ಕೆ ಬೆಲೆಯಿಲ್ಲ. ಚೆಕ್ ಅಥವಾ ಆನ್‌ಲೈನ್ ಮೂಲಕ ಕಂಪನಿಯ ಹೆಸರಿಗೇ ಕಟ್ಟಿ.

ಗಡಿಯವರಾಗಿ ನಮಗಿರುವ ಒಂದು ಅನುಕೂಲವನ್ನೂ ಹೇಳಬೇಕು. ಕ್ಲೇಮು ತಿರಸ್ಕರಿಸಿದರೆ ಅಥವಾ ಕಡಿಮೆ ಕೊಟ್ಟರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳು ಕಾದು ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಒಂದು ವರ್ಷದೊಳಗೆ ಹೋಗಬೇಕು. ಒಬ್ಬರೇ ಮಾಲೀಕರಿರುವ ಅಂಗಡಿಯವರಿಗೂ, ಸೂಕ್ಷ್ಮ ಉದ್ದಿಮೆಗಳಿಗೂ ಈ ದಾರಿ ತೆರೆದಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ತೆಲಂಗಾಣಕ್ಕೆ ಹೈದರಾಬಾದ್ ಕಚೇರಿ, ಕರ್ನಾಟಕಕ್ಕೆ ಬೆಂಗಳೂರು ಕಚೇರಿ. ದೂರುದಾರ ವಾಸವಿರುವ ಊರು ಅಥವಾ ಕಂಪನಿಯ ಶಾಖೆ ಇರುವ ಊರು, ಎರಡರಲ್ಲಿ ಯಾವುದರ ವ್ಯಾಪ್ತಿಯ ಕಚೇರಿಗಾದರೂ ದೂರು ಕೊಡಬಹುದೆಂದು ನಿಯಮ. ಹೀಗಾಗಿ ರಾಯಚೂರಿನ ಶಾಖೆಯಲ್ಲಿ ಪಾಲಿಸಿ ಮಾಡಿಸಿದ ಮಕ್ತಲ್‌ನ ವ್ಯಾಪಾರಿ ಹೈದರಾಬಾದಿಗೂ ಬರೆಯಬಹುದು, ಬೆಂಗಳೂರಿಗೂ ಬರೆಯಬಹುದು. ಅದಕ್ಕೆ ಮೊದಲು ಕೇಳಿ ತಿಳಿಯಲು ಪ್ರಾಧಿಕಾರದ ಉಚಿತ ದೂರವಾಣಿ 155255 ಇದೆ.

ಮಕ್ತಲ್‌ನ ಆ ಕಿರಾಣಿ ವ್ಯಾಪಾರಿ ಮರುವಾರವೇ ಬ್ಯಾಂಕಿಗೆ ಹೋಗಿ ಹೊಸ ವಿಳಾಸ ಬರೆಸಿದರು. ಮೊತ್ತವನ್ನು 11 ಲಕ್ಷಕ್ಕೆ ಏರಿಸಿದ್ದಾರೆ. ಕಳವಿನ ಪಾಲಿಸಿ ಮಾತ್ರ ದೀಪಾವಳಿ ಕಳೆದ ಮೇಲೆ ನೋಡೋಣ ಎಂದಿದ್ದಾರೆ. ದೀಪಾವಳಿಗಿಂತ ಮುಂಚೆ ಮಾಡಿಸಿ ಎಂದು ನಾನೂ ಬಿಡದೆ ಹೇಳುತ್ತಿದ್ದೇನೆ.